ಮಡಚುವ ಸೈಕಲ್‌ಗೆ ಒಂದೇ ಗೇರ್

ಪ್ರಶ್ನೆ: ನನ್ನ 20 ಇಂಚು ಚಕ್ರದ ಮಡಚುವ ಸೈಕಲ್ಲಿಗೆ ಏಳು ಗೇರ್‌ಗಳಿವೆ. ಮಡಚಿಟ್ಟಾಗಲೆಲ್ಲ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಲ್ಲಿಗಾದರೂ ತಗುಲಿ ಬಾಗುತ್ತದೆ. ಅದನ್ನು ತೆಗೆದು ಒಂದೇ ಗೇರ್ ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಬಹುದು. ಆದರೆ ಬಿಡಿಭಾಗಗಳನ್ನು ಕೊಳ್ಳುವ ಮೊದಲು ಹಿಂಚಕ್ರದ ಆಕ್ಸಲ್ ಕೂರುವ ಸೀಳನ್ನು ಗಮನಿಸಿ. ಅದು ಅಡ್ಡವಾಗಿದ್ದರೆ ಚಕ್ರವನ್ನೇ ಹಿಂದಕ್ಕೆ ಎಳೆದು ಚೈನನ್ನು ಬಿಗಿಗೊಳಿಸಬಹುದು. ಲಂಬವಾಗಿದ್ದರೆ ಚಕ್ರ ಹಿಂದೆ ಮುಂದೆ ಸರಿಯದ ಕಾರಣ ಸಾಮಾನ್ಯವಾಗಿ ಚೈನನ್ನು ಬಿಗಿಯಾಗಿ ಹಿಡಿದಿಡುವ ಭಾಗ, ಅಂದರೆ ಚೈನ್ ಟೆನ್ಷನರ್ ಬೇಕಾಗುತ್ತದೆ, ಮತ್ತು ಅದೂ ಡಿರೇಲರ್ ಇದ್ದ ಜಾಗದಲ್ಲೇ ಕೂರುವುದರಿಂದ ನಿಮ್ಮ ತೊಂದರೆ ಪೂರ್ತಿ ತೀರಲಾರದು.

ಹಲ್ಲುಗಳ ಆಯ್ಕೆಯಲ್ಲಿ ಹಲವರು ಎಡವುತ್ತಾರೆ. ಮುಂದಿನ, ಅಂದರೆ ಪೆಡಲ್ ಬಳಿಯ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯನ್ನು ಹಿಂದಿನದರಿಂದ ಭಾಗಿಸಿ, ಚಕ್ರದ ವ್ಯಾಸದಿಂದ ಗುಣಿಸಿ: ಮುಂದೆ 52, ಹಿಂದೆ 16 ಹಲ್ಲುಗಳಿದ್ದರೆ 65 ಇಂಚು ಬರುತ್ತದೆ (ಈ ಅಂಕಿ ಹೆಚ್ಚಿದಷ್ಟೂ ಪೆಡಲಿನ ಒಂದು ಸುತ್ತಿಗೆ ಸಾಗುವ ದೂರ ಹೆಚ್ಚು), ಸಮತಟ್ಟಾದ ದಾರಿಗೆ ಇದು ಹದ. ದೊಡ್ಡ ಸೈಕಲ್ಲಿಗೆ ಒಪ್ಪುವ 44 ಹಲ್ಲನ್ನು ಮುಂದೆ ಹಾಕಿದರೆ ಇಲ್ಲಿ 55 ಇಂಚಿಗೆ ಇಳಿದು, ಕಾಲು ಗಿರಗಿರನೆ ತಿರುಗಿದರೂ ದಾರಿ ಸಾಗದು.

ಹಬ್‌ನಲ್ಲಿ (ಹಿಂಚಕ್ರದ ನಡುಭಾಗ) ಕ್ಯಾಸೆಟ್, ಅಂದರೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪು ಇದ್ದರೆ, ಒಂದು ಹಲ್ಲುಚಕ್ರವನ್ನಿಟ್ಟು ಎರಡೂ ಬದಿ ಸ್ಪೇಸರ್ (ಜಾಗ ತುಂಬುವ ಬಳೆಗಳು) ತುಂಬಿಸಿ; ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಚೈನ್ ನೆಟ್ಟಗೆ ಕಾಣಬೇಕು. ಹಬ್‌ಗೆ ತಿರುಪಿ ಕೂರಿಸಿದ ಫ್ರೀವೀಲ್ (ಹಲ್ಲುಚಕ್ರಗಳು ಬಿಡಿಯಾಗದ ಒಂದೇ ಗುಂಪು) ಆದರೆ ಅದನ್ನೇ ಬಿಚ್ಚಿ ಒಂಟಿ ಫ್ರೀವೀಲ್ ಹಾಕಬೇಕು, ಆಗ ನೇರ ಹೊಂದಿಸುವುದು ತುಸು ಕಷ್ಟ.

ಪೆಡಲ್ ಬಳಿಯ ಹಲ್ಲುಚಕ್ರದ ಹಲ್ಲುಗಳು ಅಪ್ಪಟ ವೃತ್ತದಲ್ಲಿರುವುದು ಅಪರೂಪ. ಆದ್ದರಿಂದ ಪೆಡಲನ್ನು ಪೂರ್ತಿ ಸುತ್ತು ತಿರುಗಿಸಿ, ಚೈನ್ ಅತಿ ಬಿಗಿಯಾಗುವ ಜಾಗದಲ್ಲಿಯೂ ಬೆರಳಿಗೆ ತುಸು ಸಡಿಲ ಸಿಗುವಂತೆ ಆಕ್ಸಲ್ ನಟ್ಟನ್ನು ಬಿಗಿಯಿರಿ.