ನಿರುದ್ಯೋಗಕ್ಕೆ ಕಾರ್ಮಿಕ ಕಾನೂನು ಕಾರಣವೋ, ಬೇಡಿಕೆಯ ಕುಸಿತವೋ?

ಎರಡೂ ಕಾರಣಗಳೇ, ಆದರೆ ಅವು ಕೆಲಸ ಮಾಡುವ ಬಗೆ ಬೇರೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ಬೆಲೆಯೇರಿಕೆ ತಡೆಯಲು ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) ಶೇ. 4ರಿಂದ 6.5ಕ್ಕೆ ಏರಿಸಿತು, ಹೀಗೆ ಸಾಲ ತುಟ್ಟಿಯಾದಾಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಯ ಮಾಲೀಕರು ಹೊಸ ಲೇಥ್ ಕೊಳ್ಳುವುದನ್ನು ಮುಂದೂಡುತ್ತಾರೆ, ಅದರ ಮುಂದೆ ನಿಲ್ಲಬೇಕಿದ್ದ ಐಟಿಐ ಹುಡುಗ ಮನೆಯಲ್ಲೇ ಉಳಿಯುತ್ತಾನೆ.

ಆ ಪೆಟ್ಟು ಯಾರ ಮೇಲೆ ಬೀಳುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಕಾನೂನು, ಕಾರ್ಮಿಕ ಸಂಘ, ಕನಿಷ್ಠ ಕೂಲಿಯಂಥ ವ್ಯವಸ್ಥೆಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ದೊಡ್ಡ ಕಾರ್ಖಾನೆಗಳು ಕಾರ್ಮಿಕರನ್ನು ತೆಗೆಯಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಬಹುಕಾಲ 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಅನ್ವಯಿಸುತ್ತಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿತು. ಒಳಗಿದ್ದವರಿಗೆ ಈ ಅನುಮತಿಯ ನಿಯಮ ರಕ್ಷಣೆ; ಹೊಸಬರನ್ನು ಗುತ್ತಿಗೆಯಲ್ಲೇ ಇಟ್ಟುಕೊಳ್ಳುವ ರೂಢಿಗೂ ಇದೇ ಒಂದು ಕಾರಣವೆಂದು ಹಲವು ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ.

ಆದರೂ ನಮ್ಮ ಭಾಗದಲ್ಲಿ ಕಾನೂನನ್ನೇ ದೂರುವುದು ನನಗೆ ಸರಿಯೆನಿಸದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಆ ರಕ್ಷಣೆ ಮುಟ್ಟಿಯೇ ಇಲ್ಲ. ಹಂಗಾಮು ಮುಗಿದರೆ ಅವರ ಕೂಲಿಯೂ ನಿಲ್ಲುತ್ತದೆ. ಆದರೆ ವಾರದಲ್ಲಿ ಒಂದೇ ಒಂದು ಗಂಟೆ ದುಡಿದಿದ್ದರೂ ಸರ್ಕಾರಿ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಅವರು ಉದ್ಯೋಗಸ್ಥರು.