ತಗ್ಗಿಸುವ ಮೊದಲು ಟೇಪು ಹಿಡಿದು ಅಳೆಯಿರಿ

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದ ಚಿಕ್ಕಪ್ಪ ಊರಿಗೆ ಬರುವಾಗ ತಂದ 1996ರ ಮರ್ಸಿಡಿಸ್ ಇ220 ಈಗ ನನ್ನ ಬಳಿ ಇದೆ. ಎಂಜಿನ್ ಚೆನ್ನಾಗಿದೆ. ಆದರೆ ಸಣ್ಣ ಹಂಪು ಹತ್ತಿದರೂ ಮುಂದಿನಿಂದ ಟಕ್ ಟಕ್ ಸದ್ದು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಸ್ಟ್ರಟ್‌ಗಳಲ್ಲಿ ಎಣ್ಣೆ ಜಿನುಗಿ ಮಣ್ಣು ಮೆತ್ತಿಕೊಂಡಿದೆ. ಎಡಗಡೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಹೋಗುತ್ತದೆ, ಬಲಗಡೆ ಮೂರೇ. ಹೊಸ ಸ್ಟ್ರಟ್ ಹಾಕಿದರೆ ಎರಡೂ ಕಡೆ ಸಮ ಆಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಹೇಗೂ ಬಿಚ್ಚುತ್ತೀರಲ್ಲ, ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ಕಾರನ್ನು ಎರಡು ಇಂಚು ತಗ್ಗಿಸಿ ಎಂದು ಮಗನ ಹಠ. ಏನು ಮಾಡಲಿ ಸರ್?

ಉತ್ತರ: ಮಗನ ಆಸೆ ಅರ್ಧ ಈಗಾಗಲೇ ಈಡೇರಿದ ಹಾಗಿದೆ. ನಿಮ್ಮ ಕಾರು ಬಲಗಡೆ ತಾನಾಗಿಯೇ ತಗ್ಗಿದೆ. ಅದಕ್ಕೆ ಕಾರಣ ಸ್ಟ್ರಟ್ ಅಲ್ಲ.

ನಿಮ್ಮದು ಡಬ್ಲ್ಯೂ124 ಮಾದರಿ. 1995ರಲ್ಲಿ ಮರ್ಸಿಡಿಸ್ ಪುಣೆಯಲ್ಲಿ ಕಾರು ಜೋಡಿಸಲು ಶುರು ಮಾಡಿದ್ದೇ ಈ ಮಾದರಿಯಿಂದ. ಇದರ ಮುಂಭಾಗ ಮಾರುತಿಯ ಹಾಗಿಲ್ಲ. ಮಾರುತಿಯಲ್ಲಿ ಸ್ಪ್ರಿಂಗ್ ಸ್ಟ್ರಟ್ಟಿನ ಸುತ್ತಲೇ ಕೂತಿರುತ್ತದೆ. ನಿಮ್ಮದರಲ್ಲಿ ಸ್ಪ್ರಿಂಗ್ ಬೇರೆ, ಸ್ಟ್ರಟ್ ಬೇರೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು, ಅಂದರೆ ಲೋವರ್ ಆರ್ಮ್, ಅದರ ಬಟ್ಟಲಿಗೂ ಬಾಡಿಗೂ ನಡುವೆ ಸ್ಪ್ರಿಂಗ್ ನಿಂತು ಭಾರ ಹೊರುತ್ತದೆ. ಸ್ಟ್ರಟ್ ಪಕ್ಕದಲ್ಲಿ ನಿಂತು ಕುಣಿತವನ್ನು ತಡೆಯುತ್ತದೆ, ಅಷ್ಟೇ. ಒಳಗಿನ ಗ್ಯಾಸ್ ಒತ್ತಡದಿಂದ ಕಾರು ಒಂದಿಷ್ಟು ಎತ್ತಿದ ಹಾಗೆ ಕಾಣಬಹುದು, ಆದರೆ ಒಂದು ಬೆರಳಿನಷ್ಟು ವ್ಯತ್ಯಾಸ ಅದರಿಂದ ಬರುವುದಿಲ್ಲ. ಹೊಸ ಸ್ಟ್ರಟ್ ಹಾಕಿ ಸಾವಿರಾರು ರೂಪಾಯಿ ಕೊಟ್ಟ ಮೇಲೂ ಬಲಗಡೆ ಮೂರೇ ಬೆರಳು ಇರುತ್ತದೆ.

ಹಾಗಾದರೆ ತಗ್ಗಿದ್ದು ಏನು? ಮೊದಲು ಬೆರಳು ಬಿಟ್ಟು ಟೇಪು ತೆಗೆದುಕೊಳ್ಳಿ. ಸಿಮೆಂಟು ಹಾಕಿದ ಸಮತಟ್ಟು ಅಂಗಳ ಬೇಕು, ತೋಟದ ದಾರಿ ಆಗದು. ನಾಲ್ಕೂ ಟೈರಿನ ಗಾಳಿ ಸರಿ ಮಾಡಿ. ಡಿಕ್ಕಿಯಲ್ಲಿ ಅಡಕೆ ಮೂಟೆ ಇದ್ದರೆ ಇಳಿಸಿ. ಕಾರನ್ನು ಹಿಂದೆ ಮುಂದೆ ಒಮ್ಮೆ ಓಡಿಸಿ ನಿಲ್ಲಿಸಿ, ಜಾಕ್ ಹಾಕಿದ ಕೂಡಲೇ ಅಳೆಯಬೇಡಿ. ಚಕ್ರದ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿ ಮೋಸ ಹೋಗುತ್ತೀರಿ.

ಅಳತೆಯಲ್ಲೂ ಬಲಗಡೆ ಹತ್ತು ಹದಿನೈದು ಮಿಲಿಮೀಟರ್ ಕಡಿಮೆ ಬಂದರೆ, ಬಲಗಡೆ ಲೋವರ್ ಆರ್ಮಿನ ಬಟ್ಟಲಿಗೆ ಟಾರ್ಚ್ ಬಿಡಿ. ಸ್ಪ್ರಿಂಗಿನ ಕೊನೆಯ ಸುತ್ತು ಅಲ್ಲಿ ಅಡಗಿರುತ್ತದೆ. ಮಳೆಗಾಲದ ಕೆಸರು ಆ ಬಟ್ಟಲಲ್ಲಿ ಕೂತು ಬೇಸಿಗೆವರೆಗೂ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನ ಬಣ್ಣ ಹೋಗುತ್ತದೆ, ಕಬ್ಬಿಣ ತುಕ್ಕು ತಿನ್ನುತ್ತದೆ, ಒಂದು ದಿನ ಯಾವುದೋ ಗುಂಡಿಯಲ್ಲಿ ಆ ತುದಿ ಪಟ್ ಎಂದು ಮುರಿಯುತ್ತದೆ. ಮುರಿದ ತುಂಡು ಬಟ್ಟಲಲ್ಲೇ ಉಳಿಯುವುದರಿಂದ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಕಾರು ಸ್ವಲ್ಪ ವಾಲುತ್ತದೆ, ಅಷ್ಟೇ. ನಿಮ್ಮ ಚಿಕ್ಕಪ್ಪನ ಕಾರು ಮುಂಬೈಯ ಉಪ್ಪುಗಾಳಿ ಕುಡಿದು ಕಾಸರಗೋಡಿನ ಮಳೆಗೆ ಬಂದದ್ದು. ನನಗಂತೂ ಅನುಮಾನ ಮೊದಲು ಅಲ್ಲಿಗೇ ಹೋಗುತ್ತದೆ. ಸ್ಪ್ರಿಂಗ್ ಮುರಿದಿಲ್ಲವಾದರೆ ಅದರ ಮೇಲ್ತುದಿಯ ರಬ್ಬರ್ ಪ್ಯಾಡ್ ಚಪ್ಪಟೆಯಾಗಿದೆಯೇ ನೋಡಿ. ಹಿಂದೆ ಯಾರೋ ಎಡಕ್ಕೊಂದು ಬಲಕ್ಕೊಂದು ಬೇರೆ ದಪ್ಪದ ಪ್ಯಾಡ್ ಹಾಕಿರುವುದೂ ಉಂಟು.

ಇನ್ನು ಸದ್ದಿನ ವಿಷಯ. ಎಣ್ಣೆ ಸೋರಿದ ಸ್ಟ್ರಟ್ ಸಾಮಾನ್ಯವಾಗಿ ಟಕ್ ಟಕ್ ಎನ್ನುವುದಿಲ್ಲ. ಅದು ಕಾರನ್ನು ದೋಣಿಯ ಹಾಗೆ ತೂಗಿಸುತ್ತದೆ, ಬ್ರೇಕ್ ಹಿಡಿದಾಗ ಮೂತಿ ಮುಗ್ಗರಿಸುತ್ತದೆ, ಟೈರಿನ ಮೇಲೆ ಕೈಯಾಡಿಸಿದರೆ ಅಲೆ ಅಲೆಯಾಗಿ ಸವೆದದ್ದು ಸಿಗುತ್ತದೆ. ಸಣ್ಣ ಹಂಪಿಗೆ ಟಕ್ ಎನ್ನುವುದು ಹೆಚ್ಚಾಗಿ ಸ್ಟ್ರಟ್ಟಿನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ರಬ್ಬರ್ ಮೌಂಟ್, ಕಾರು ವಾಲದಂತೆ ತಡೆಯುವ ಅಡ್ಡ ಸರಳಿನ (ಸ್ಟೆಬಿಲೈಸರ್ ಬಾರ್) ರಬ್ಬರ್ ಬುಶ್, ಇಲ್ಲವೇ ಚಕ್ರದ ಭಾಗವನ್ನು ಲೋವರ್ ಆರ್ಮಿಗೆ ಜೋಡಿಸುವ ಲೋವರ್ ಬಾಲ್ ಜಾಯಿಂಟ್. ಬಾನೆಟ್ ತೆಗೆದು ಮೌಂಟಿನ ಮೇಲೆ ಅಂಗೈ ಇಡಿ, ಮಗನಿಗೆ ಕಾರನ್ನು ಅಲ್ಲಾಡಿಸಲು ಹೇಳಿ. ಸದ್ದು ಅಲ್ಲಿಯದೇ ಆದರೆ ಕೈಗೆ ತಟ್ಟುತ್ತದೆ. ಬಾಲ್ ಜಾಯಿಂಟ್ ಮಾತ್ರ ಸದರ ಮಾಡಬೇಡಿ. ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ.

ಸ್ಟ್ರಟ್ ಎರಡೂ ಸೋರಿವೆ ಎಂದಿರಿ, ಹಾಗಾಗಿ ಮುಂದಿನ ಜೋಡಿ ಬದಲಿಸಲೇಬೇಕು. ಒಂದೇ ಸೋರಿದ್ದರೂ ಜೋಡಿಯಾಗಿಯೇ ಹಾಕಿ ಎನ್ನುತ್ತಿದ್ದೆ. ಒಂದು ಕಡೆ ಗಟ್ಟಿ, ಒಂದು ಕಡೆ ಸಡಿಲ ಇದ್ದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಕಾರು ಎಳೆಯುತ್ತದೆ. ಜೊತೆಗೆ ಎರಡೂ ಮೌಂಟ್, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಒತ್ತಿದಾಗ ಪೆಟ್ಟು ತಡೆಯುವ ರಬ್ಬರ್) ಹೊಸತು ಹಾಕಿಸಿ. ಹಿಂದಿನ ಚಕ್ರಗಳ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರದೆ ಒಣಗಿದ್ದರೆ ಅವನ್ನು ಸದ್ಯಕ್ಕೆ ಬಿಡಿ.

ನಿಮ್ಮ ಮೆಕ್ಯಾನಿಕ್ ಈ ಕಾರನ್ನು ಮೊದಲು ಬಿಚ್ಚಿದವರಲ್ಲದಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಸ್ಟ್ರಟ್ ತೆಗೆಯಲು ಸ್ಪ್ರಿಂಗ್ ಬಿಗಿಯುವ ಉಪಕರಣ ಬೇಕಿಲ್ಲ, ಅದೊಂದು ಸುಲಭ. ಆದರೆ ಚಕ್ರ ಕೆಳಗೆ ಜೋತು ಬೀಳದಂತೆ ಹಿಡಿದಿರುವುದು ಇದೇ ಸ್ಟ್ರಟ್. ಅದನ್ನು ಬಿಚ್ಚಿದ ಕ್ಷಣ ಸ್ಪ್ರಿಂಗಿನ ಪೂರ್ತಿ ಬಲ ಆರ್ಮನ್ನು ಕೆಳಕ್ಕೆ ಒದೆಯುತ್ತದೆ. ಆದ್ದರಿಂದ ಕಾರಿನ ಬಾಡಿಯ ಅಡಿಗೆ ಸ್ಟ್ಯಾಂಡ್ ಕೊಟ್ಟು, ಲೋವರ್ ಆರ್ಮಿನ ಅಡಿಗೆ ಇನ್ನೊಂದು ಗಟ್ಟಿ ಜಾಕ್ ಒತ್ತಿ ಇಟ್ಟೇ ಮೇಲಿನ ನಟ್ಟಿಗೆ ಕೈ ಹಾಕಬೇಕು. ಆ ನಟ್ಟಿಗೆ ಗಾಳಿಯ ಗನ್ ಬೇಡ. ಒಳಗಿನ ರಾಡ್ ಗರಗರ ತಿರುಗಿ ಹೊಸ ಸೀಲ್ ಹಾಕಿದ ದಿನವೇ ಹಾಳಾಗುತ್ತದೆ. ರಾಡನ್ನು ಅಲೆನ್ ಕೀಯಲ್ಲಿ ಹಿಡಿದು ಕೈಯಲ್ಲೇ ಬಿಗಿಯಲಿ. ಹೊಳೆಯುವ ರಾಡನ್ನು ಪಕ್ಕಡಿನಲ್ಲಿ ಹಿಡಿಯುವುದಂತೂ ಬೇಡವೇ ಬೇಡ. ಸ್ಟ್ರಟ್ ಹೊರಬಂದಾಗ ಚಕ್ರದ ಭಾಗ ಹೊರಕ್ಕೆ ವಾಲುತ್ತದೆ, ಬ್ರೇಕ್ ಹೋಸ್ ಎಳೆಯದ ಹಾಗೆ ಒಂದು ಹಗ್ಗದಲ್ಲಿ ಕಟ್ಟಿ.

ಸ್ಪ್ರಿಂಗ್ ಮುರಿದಿದ್ದರೆ ಕತೆಯೇ ಬೇರೆ. ಅದನ್ನು ತೆಗೆಯಲು ಸ್ಪ್ರಿಂಗಿನ ಒಳಗೆ ತೂರಿಸಿ ಬಿಗಿಯುವ ಕಂಪ್ರೆಸರ್ ಬೇಕು. ಹೊರಗಿನಿಂದ ಕೊಕ್ಕೆ ಹಾಕುವ ಮಾಮೂಲಿ ಉಪಕರಣಕ್ಕೆ ಅಲ್ಲಿ ಜಾಗವಿಲ್ಲ, ಹಿಡಿತವೂ ಇಲ್ಲ. ಮುಂದಿನ ಒಂದೊಂದು ಚಕ್ರದ ಮೇಲೆ 350 ಕೆ.ಜಿ.ಗೂ ಜಾಸ್ತಿ ಭಾರ ಇದೆ. ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ, ಆರ್ಮಿನ ನಡುಭಾಗದ ಕಡೆ ಕೂತಿರುವುದರಿಂದ ಅದರ ಮೇಲೆ ಬೀಳುವ ಬಲ ಇದಕ್ಕಿಂತಲೂ ಹೆಚ್ಚು. ನಾನು ಕೆಲಸ ಕಲಿಯುತ್ತಿದ್ದ ಗ್ಯಾರೇಜಿನಲ್ಲಿ ಒಮ್ಮೆ ಸಿಕ್ಕಿದ ಉಪಕರಣದಲ್ಲೇ ತೆಗೆಯಲು ಹೋಗಿ ಸ್ಪ್ರಿಂಗ್ ಹಾರಿತು. ಯಾರಿಗೂ ತಾಗಲಿಲ್ಲ, ಪುಣ್ಯ. ಕೆಂಪುಕಲ್ಲಿನ ಗೋಡೆಯಲ್ಲಿ ತೆಂಗಿನಕಾಯಿ ಗಾತ್ರದ ಗುಂಡಿ ಬಿತ್ತು. ಯಜಮಾನರು ಅದನ್ನು ಗಾರೆ ಹಾಕಿ ಮುಚ್ಚಿಸಲೇ ಇಲ್ಲ, ಹೊಸ ಹುಡುಗರಿಗೆ ತೋರಿಸಲು ಬೇಕು ಎಂದು ಹಾಗೇ ಬಿಟ್ಟರು. ಬದಿಯಡ್ಕದಲ್ಲಿ ಆ ಉಪಕರಣ ಸಿಗದಿದ್ದರೆ ಮಂಗಳೂರಿಗೆ ಒಯ್ಯಿರಿ. ಅರ್ಧ ದಿನ ಹೋಗುತ್ತದೆ, ಹೋಗಲಿ.

ಹೊಸ ಸ್ಪ್ರಿಂಗ್ ತರಿಸುವಾಗ ಬರೀ ಮಾದರಿಯ ಹೆಸರು ಹೇಳಿದರೆ ಸಾಲದು, ಚಾಸಿ ನಂಬರ್ ಕೊಡಿ. ಈ ಕಾರುಗಳಿಗೆ ಎಸಿ, ಸನ್‌ರೂಫ್‌ನಂಥ ಒಂದೊಂದು ಜೋಡಣೆಗೂ ಕಂಪನಿ ಇಂತಿಷ್ಟು ಪಾಯಿಂಟ್ ಎಂದು ಲೆಕ್ಕ ಹಾಕಿ, ಕೂಡಿ ಬಂದ ಮೊತ್ತಕ್ಕೆ ತಕ್ಕ ಸ್ಪ್ರಿಂಗ್ ಮತ್ತು ಪ್ಯಾಡ್ ಆರಿಸುತ್ತಿತ್ತು. ಒಂದೇ ವರ್ಷದ ಎರಡು ಇ220ಗಳಲ್ಲಿ ಬೇರೆ ಬೇರೆ ಸ್ಪ್ರಿಂಗ್ ಇರುವುದು ಇದಕ್ಕೇ.

ಈಗ ಮಗನ ಎರಡು ಇಂಚು. ಮಗನೂ ಓದಲಿ ಎಂದೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸ್ಪ್ರಿಂಗ್ ಕತ್ತರಿಸಿದರೆ ಅದು ಗಿಡ್ಡ ಆಗುವುದು ಮಾತ್ರವಲ್ಲ, ಗಡುಸೂ ಆಗುತ್ತದೆ. ಸುತ್ತು ಕಡಿಮೆಯಾದಷ್ಟೂ ಬಗ್ಗಲು ಉಳಿದ ತಂತಿ ಕಡಿಮೆ. ಗ್ಯಾಸ್ ಕಟ್ಟರ್ ಹಿಡಿದರೆ ಆ ಬಿಸಿಗೆ ಉಕ್ಕಿನ ಹದ ಹೋಗುತ್ತದೆ. ಬಟ್ಟಲಲ್ಲಿ ಸ್ಪ್ರಿಂಗಿನ ತುದಿ ಕೂರಲು ಒಂದು ಅಚ್ಚುಕಟ್ಟಾದ ಜಾಗ ಇದೆ, ಕತ್ತರಿಸಿದ ತುದಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಜಾಕ್ ಎತ್ತಿದಾಗ, ದೊಡ್ಡ ಗುಂಡಿಗೆ ಚಕ್ರ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಇದು ಬೇಡ. ಇದರಲ್ಲಿ ಚರ್ಚೆಯೇ ಇಲ್ಲ.

ಒಳ್ಳೆಯ ಕಂಪನಿಯ ಗಿಡ್ಡ ಸ್ಪ್ರಿಂಗ್ ಹಾಕಿದರೆ? ಅಂಥವು ಸಿಗುತ್ತವೆ, ಸಾಮಾನ್ಯವಾಗಿ 30 ಮಿ.ಮೀ. ಆಸುಪಾಸು ತಗ್ಗಿಸುತ್ತವೆ. ಅದಕ್ಕೆ ಹೊಂದುವ ಗಿಡ್ಡ ಸ್ಟ್ರಟ್ಟೂ ಬೇಕು. ಬಿಲ್‌ಸ್ಟೈನ್‌ನಲ್ಲಿ ಬಿ4 ಎಂದರೆ ಕಂಪನಿಯ ಮೂಲದ್ದಕ್ಕೆ ಸಮ, ಬಿ6 ಎಂದರೆ ಅದೇ ಎತ್ತರಕ್ಕೆ ಗಟ್ಟಿಯಾದದ್ದು, ಬಿ8 ತಗ್ಗಿಸಿದ ಕಾರಿಗೆಂದೇ ಮಾಡಿದ್ದು. ಗಿಡ್ಡ ಸ್ಪ್ರಿಂಗಿಗೆ ಮಾಮೂಲಿ ಸ್ಟ್ರಟ್ ಹಾಕಿದರೆ ಅದು ಸದಾ ಒಳಗೆ ಒತ್ತಿಕೊಂಡೇ ಕೆಲಸ ಮಾಡುತ್ತದೆ, ಬೇಗ ಸಾಯುತ್ತದೆ. ಡಬ್ಲ್ಯೂ124ನಲ್ಲೇ ಕಂಪನಿ ತಗ್ಗಿಸಿ ಕೊಟ್ಟ ಸ್ಪೋರ್ಟ್‌ಲೈನ್, 500ಇ ಇದ್ದವು. ಅವು ಕುಣಿಯುವುದಿಲ್ಲ, ರಸ್ತೆಗೆ ಅಂಟಿಕೊಂಡು ಹೋಗುತ್ತವೆ. ಆದರೆ ಆ ರಸ್ತೆ ಜರ್ಮನಿಯದು, ಬೋವಿಕಾನ ಮುಳ್ಳೇರಿಯಾದ್ದಲ್ಲ.

ಇನ್ನೊಂದು ವಿಷಯ ಹುಡುಗರಿಗೆ ಯಾರೂ ಹೇಳುವುದಿಲ್ಲ. ತಗ್ಗಿಸಿದರೆ ತಿರುವಿನಲ್ಲಿ ಕಾರು ವಾಲುವುದು ಕಡಿಮೆ ಆಗುತ್ತದೆ ಎಂದೇ ಎಲ್ಲರ ನಂಬಿಕೆ. ಸ್ಟ್ರಟ್ ಇರುವ ಮುಂಭಾಗದಲ್ಲಿ ತೀರಾ ತಗ್ಗಿಸಿದರೆ ಕೆಲವೊಮ್ಮೆ ತಿರುಗುಮುರುಗು ಆಗುತ್ತದೆ. ಲೋವರ್ ಆರ್ಮ್ ಈಗ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಕಾರನ್ನು ತಗ್ಗಿಸಿದಂತೆ ಅದು ಮಟ್ಟಸವಾಗಿ, ಆಮೇಲೆ ಚಕ್ರದ ಕಡೆಗೆ ಏರುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿಗಿಂತಲೂ ಜಾಸ್ತಿ ಕೆಳಗೆ ಹೋಗುತ್ತದೆ. ಬಾಡಿಗೂ ಅದಕ್ಕೂ ಅಂತರ ಹೆಚ್ಚಿತು, ಸನ್ನೆಗೋಲು ಉದ್ದವಾಯಿತು. ವಾಲುವ ಬಲವೂ ಹೆಚ್ಚಿತು. ಅದನ್ನು ತಡೆಯಲು ಇನ್ನೂ ಗಡುಸು ಸ್ಪ್ರಿಂಗ್ ಬೇಕು, ಬೆನ್ನುಮೂಳೆಗೆ ಇನ್ನೂ ಪೆಟ್ಟು. ಸ್ಟೀರಿಂಗಿನ ರಾಡುಗಳ ಕೋನವೂ ಕೆಡುವುದರಿಂದ ಗುಂಡಿಗೆ ಬಿದ್ದಾಗ ಕಾರು ತಾನಾಗಿ ಆಚೀಚೆ ತಿರುಗುತ್ತದೆ. ಹಿಂದಿನ ಚಕ್ರಗಳು ಮೇಲ್ಗಡೆ ಒಳಕ್ಕೆ ವಾಲಿ ಟೈರಿನ ಒಳ ಅಂಚು ತಿನ್ನುತ್ತವೆ. ಮುಂದೆ ಚಕ್ರದ ಈ ವಾಲಿಕೆಯನ್ನು (ಕ್ಯಾಂಬರ್) ಸರಿಪಡಿಸಲು ಆರ್ಮಿನ ಬೋಲ್ಟಿನಲ್ಲೇ ಅವಕಾಶ ಇದೆ, ಹಿಂದೆ ಕಂಪನಿ ಅಂಥ ಅವಕಾಶ ಕೊಟ್ಟಿಲ್ಲ.

ಕಾನೂನು ಕೂಡ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು, ಆ ಪ್ರಕರಣ ಹೋದದ್ದೇ ನಮ್ಮ ಕೇರಳದಿಂದ. ನಿಮ್ಮ ಕಾರು 15 ವರ್ಷ ದಾಟಿದ್ದು, ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. ನೆಲಕ್ಕೆ ತಾಗುವ ಕಾರನ್ನು ಅಲ್ಲಿಗೆ ಹೇಗೆ ಒಯ್ಯುತ್ತೀರಿ? ಅಪಘಾತ ಆದರೆ ವಿಮೆಯವರಿಗೂ ಒಂದು ನೆಪ ಸಿಕ್ಕಿತು.

ಮಗನ ಮುಖ ನೋಡಿ ಒಂದು ದಾರಿ ಹೇಳುತ್ತೇನೆ. ಸ್ಪ್ರಿಂಗಿನ ಮೇಲಿನ ರಬ್ಬರ್ ಪ್ಯಾಡ್ ಎಂದೆನಲ್ಲ, ಅದು ಕಂಪನಿಯಿಂದಲೇ ನಾಲ್ಕು ದಪ್ಪದಲ್ಲಿ ಬರುತ್ತದೆ. ಅಂಚಿನಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಒಂದು ಉಬ್ಬಿನದು ತೆಳು, ನಾಲ್ಕು ಉಬ್ಬಿನದು ದಪ್ಪ. ಒಂದರಿಂದ ಮುಂದಿನದಕ್ಕೆ ಸುಮಾರು 5 ಮಿ.ಮೀ. ವ್ಯತ್ಯಾಸ. ಸ್ಪ್ರಿಂಗ್ ಒಳಗೆ ಕೂತಿರುವುದರಿಂದ ಚಕ್ರದ ಬಳಿ ಅದು ಇನ್ನೂ ಸ್ವಲ್ಪ ಜಾಸ್ತಿಯಾಗಿ ಕಾಣುತ್ತದೆ. ನಿಮ್ಮದರಲ್ಲಿ ಮೂರು ಉಬ್ಬಿನದು ಇದ್ದರೆ, ಹೊಸ ಸ್ಪ್ರಿಂಗ್ ಹಾಕುವಾಗ ಎರಡೂ ಕಡೆ ಎರಡು ಉಬ್ಬಿನದು ಹಾಕಿಸಿ. ಮೂತಿ ಒಂದಿಷ್ಟು ತಗ್ಗಿದ ಹಾಗೆ ಕಾಣುತ್ತದೆ, ಭಾಗವೂ ಕಂಪನಿಯದೇ. ಅದಕ್ಕಿಂತ ಕೆಳಗೆ ನಾನಾದರೆ ಹೋಗುವುದಿಲ್ಲ. ನಿಮ್ಮ ಮನೆಗೆ ಗುಡ್ಡೆ ಹತ್ತಿ ತೋಡು ದಾಟಿ ಹೋಗಬೇಕು ಎಂದು ಊಹಿಸುತ್ತೇನೆ, ಬದಿಯಡ್ಕದ ಕಡೆ ಅರ್ಧ ಮನೆಗಳು ಹಾಗೇ ಅಲ್ವಾ.

ಕೊನೆಯ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಲೋವರ್ ಆರ್ಮಿನ ಬುಶ್ ಬೋಲ್ಟುಗಳನ್ನು ಕಾರು ಮೇಲೆ ತೂಗಾಡುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ಕೆಳಗಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನಾಲ್ಕೂ ಚಕ್ರ ನೆಲದ ಮೇಲೆ ಕೂತು, ಕಾರನ್ನು ನಾಲ್ಕು ಸಲ ಕುಣಿಸಿದ ಮೇಲೆ ಬಿಗಿಯಲಿ. ನೂರಿನ್ನೂರು ಕಿಲೋಮೀಟರ್ ಓಡಿಸಿ, ಸ್ಪ್ರಿಂಗ್ ಜಾಗಕ್ಕೆ ಕೂತ ಮೇಲೆ ಮತ್ತೆ ಟೇಪು ಹಿಡಿಯಿರಿ. ಅಲೈನ್‌ಮೆಂಟ್ ಆಮೇಲೆ.

ಪ್ರಶ್ನೆ: ಅಕ್ಕಲಕೋಟೆಯಿಂದ ಬರೆಯುತ್ತಿದ್ದೇನೆ. ಹಳೆಯ ಎಸ್ ಕ್ಲಾಸ್, ಡಬ್ಲ್ಯೂ220, ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಮುಂದಿನ ಎಡಗಡೆ ನೆಲಕ್ಕೆ ಕೂತಿರುತ್ತದೆ. ಸ್ಟಾರ್ಟ್ ಮಾಡಿದರೆ ಏಳುತ್ತದೆ. ಹೀಗೇ ಓಡಿಸಬಹುದೇ?

ಉತ್ತರ: ಸ್ವಲ್ಪ ದಿನ ಓಡುತ್ತದೆ, ಆಮೇಲೆ ಖರ್ಚು ದುಪ್ಪಟ್ಟು. ಈ ಕಾರಿನಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇದೆ. ನಿಮ್ಮ ಎಡಗಡೆಯ ಚೀಲ ಹಳತಾಗಿ ಬಿರುಕು ಬಿಟ್ಟಿರಬೇಕು, ಇಲ್ಲವೇ ಪೈಪಿನ ಜೋಡಣೆ ಸೋರುತ್ತಿರಬೇಕು. ಎಂಜಿನ್ ಚಾಲೂ ಇಟ್ಟು, ಕಾರು ಎದ್ದ ಮೇಲೆ, ಸೋಪಿನ ನೀರು ಚಿಮುಕಿಸಿ ನೋಡಿ, ಗುಳ್ಳೆ ಎಲ್ಲಿ ಎಂದು ಕಾಣುತ್ತದೆ. ಕೂತ ಕಾರಿನ ಅಡಿಗೆ ಸ್ಟ್ಯಾಂಡ್ ಕೊಡದೆ ತಲೆ ಹಾಕಬೇಡಿ. ತಡ ಮಾಡಿದರೆ ಸೋರಿದ ಗಾಳಿ ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಅದು ಆಗಲೇ ಹೋಗಿದ್ದರೆ, ಹೊಸತು ಹಾಕುವಾಗ ಅದರ ರಿಲೇಯನ್ನೂ ಬದಲಿಸಿ. ಹಳೇ ರಿಲೇ ಅಂಟಿಕೊಂಡು ಹೊಸ ಕಂಪ್ರೆಸರನ್ನೂ ಸುಟ್ಟದ್ದನ್ನು ನೋಡಿದ್ದೇನೆ.