ಲಾಟ್ ತುಂಬ ಪಿಕಪ್ ಇವೆ, ನಿಮಗೆ ಬೇಕಾದ್ದು ಮಾತ್ರ ಇಲ್ಲ

ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಯಿತು, ಹೊಸ ಪಿಕಪ್ ತೆಗೆದುಕೊಳ್ಳೋಣ ಅಂತ ನಾಲ್ಕು ಡೀಲರ್‌ಗಳ ಹತ್ತಿರ ಅಲೆದೆ, ಎಲ್ಲಿ ನೋಡಿದರೂ ಸಾಲುಸಾಲು ಟ್ರಕ್ ನಿಂತಿವೆ, ಆದರೆ ನನಗೆ ಬೇಕಾದ ಹಾಗೆ ಒಂದೂ ಇಲ್ಲ, ನಾನೇ ಜಾಸ್ತಿ ಕೇಳುತ್ತಿದ್ದೇನಾ ಅಂತ ಬರೆದಿದ್ದೀರಿ. ನಿಮ್ಮ ಪಟ್ಟಿ ನೋಡಿದೆ. ನಾಲ್ಕು ದೊಡ್ಡ ಬಾಗಿಲಿನ ಕ್ಯಾಬ್ (ಜನ ಕೂರುವ ಭಾಗ), ಆರೂವರೆ ಅಡಿ ಬೆಡ್ (ಹಿಂದೆ ಸಾಮಾನು ಹಾಕುವ ತೆರೆದ ಭಾಗ), ಫೋರ್ ವೀಲ್ ಡ್ರೈವ್, ಬಟ್ಟೆ ಸೀಟು, ಟ್ರೇಲರ್ ಎಳೆಯುವ ಪ್ಯಾಕೇಜ್. ಸನ್‌ರೂಫ್ ಬೇಡ. ಮುಂದಿನ ವರ್ಷ 5000 ಪೌಂಡಿನ ಕ್ಯಾಂಪರ್ (ಮಲಗಲು ಜಾಗವಿರುವ ಟ್ರೇಲರ್) ಕಟ್ಟಿಕೊಂಡು ಹೆಂಡತಿ, ಇಬ್ಬರು ಮಕ್ಕಳ ಜೊತೆ ಸುತ್ತಬೇಕು.

ಇದರಲ್ಲಿ ಜಾಸ್ತಿ ಕೇಳಿದ್ದು ಏನೂ ಇಲ್ಲ. ಆದರೆ ಲಾಟ್‌ನಲ್ಲಿ, ಅಂದರೆ ಡೀಲರ್ ಗಾಡಿ ನಿಲ್ಲಿಸುವ ಬಯಲಿನಲ್ಲಿ, ನಿಂತಿರುವ ಟ್ರಕ್‌ಗಳು ಯಾರಿಗಾಗಿ ಬಂದಿವೆ ಅನ್ನುವುದು ಗೊತ್ತಾದರೆ ಅರ್ಧ ತಲೆನೋವು ಹೋಗುತ್ತದೆ. ನಮ್ಮ ಕಡೆ ಶೋರೂಮಿಗೆ ಹೋಗಿ ಮಾಡೆಲ್, ಬಣ್ಣ ಹೇಳಿ, ಬುಕ್ ಮಾಡಿ, ಗಾಡಿ ಬರುವ ತನಕ ಕಾಯುವುದು ಅಭ್ಯಾಸ. ಇಲ್ಲಿನವರು ಮಧ್ಯಾಹ್ನ ಹೋಗಿ ಸಂಜೆ ಓಡಿಸಿಕೊಂಡು ಮನೆಗೆ ಬರಬೇಕು ಅನ್ನುವ ಜನ. ಹಾಗಾಗಿ ಡೀಲರ್ ತಿಂಗಳುಗಟ್ಟಲೆ ಮೊದಲೇ, ತನ್ನ ಬಡಾವಣೆಯವರು ಏನು ಕೊಳ್ಳಬಹುದು ಅಂತ ಅಂದಾಜು ಮಾಡಿ ಟ್ರಕ್ ತರಿಸಿ ನಿಲ್ಲಿಸಿರುತ್ತಾನೆ. ಟೆಕ್ಸಸ್‌ನಲ್ಲಿ ಕಂಪನಿಯೇ ಡೀಲರ್‌ಶಿಪ್ ನಡೆಸುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಒಬ್ಬೊಬ್ಬ ಡೀಲರ್ ಒಂದೊಂದು ಅಂಗಡಿಯ ಯಜಮಾನ. 'ಅಂಥದ್ದು ಬರುವುದೇ ಇಲ್ಲ ಸರ್' ಅಂತ ಸೇಲ್ಸ್‌ಮನ್ ಹೇಳಿದರೆ, 'ನಮ್ಮ ಲಾಟ್‌ನಲ್ಲಿ ಇಲ್ಲ' ಅಂತ ಅರ್ಥ ಮಾಡಿಕೊಳ್ಳಿ.

ಸಾಫ್ಟ್‌ವೇರ್ ಕಂಪನಿಗಳ ಸುತ್ತಮುತ್ತಲಿನ ಡೀಲರ್ ಏನು ತರಿಸುತ್ತಾನೆ ಹೇಳಿ? ದೊಡ್ಡ ಕ್ಯಾಬ್, ಚಿಕ್ಕ ಬೆಡ್, ಚರ್ಮದ ಸೀಟು, ದೊಡ್ಡ ಸ್ಕ್ರೀನ್, 20 ಇಂಚಿನ ಚಕ್ರ. ಆರೂವರೆ ಅಡಿ ಬೆಡ್ ಕೇಳುವವರು ಅಲ್ಲಿ ಕಡಿಮೆ, ಯಾಕೆಂದರೆ ಗ್ಯಾರೇಜಿನಲ್ಲಿ ಹಿಡಿಯುವುದಿಲ್ಲ. ಅಂದ ಹಾಗೆ, ನಿಮ್ಮ ಗ್ಯಾರೇಜ್ ಅಳೆದಿದ್ದೀರಾ? ಫೋರ್ಡ್ ಎಫ್-150 ದೊಡ್ಡ ಕ್ಯಾಬ್, ಐದೂವರೆ ಅಡಿ ಬೆಡ್ ಇದ್ದರೇ 19 ಅಡಿ ದಾಟುತ್ತದೆ. ಆರೂವರೆ ಅಡಿ ಬೆಡ್ ಆದರೆ 20 ಅಡಿ ಮೀರುತ್ತದೆ. ಮೊದಲು ಟೇಪ್ ಹಿಡಿಯಿರಿ, ಆಮೇಲೆ ಡೀಲರ್.

ಈಗ ನಿಮ್ಮ ಪಟ್ಟಿಯನ್ನೇ ಎರಡು ಭಾಗ ಮಾಡಿ. ಕಾರ್ಖಾನೆಯಿಂದಲೇ ಬಂದರೆ ಒಳ್ಳೆಯದು ಅನ್ನುವಂಥವು ಒಂದು ಕಡೆ, ಆಮೇಲೆ ಹಾಕಿಸಿಕೊಳ್ಳಬಹುದಾದವು ಇನ್ನೊಂದು ಕಡೆ. ಕ್ಯಾಬ್, ಬೆಡ್ಡಿನ ಉದ್ದ, ಎಂಜಿನ್, ಫೋರ್ ವೀಲ್ ಡ್ರೈವ್, ಟ್ರೇಲರ್ ಪ್ಯಾಕೇಜ್, ದೊಡ್ಡ ಪೆಟ್ರೋಲ್ ಟ್ಯಾಂಕ್, ಇವು ಹುಟ್ಟುವಾಗಲೇ ಬರಬೇಕು. ಬೆಡ್ ಲೈನರ್ (ಬೆಡ್ಡಿನ ಒಳಗಿನ ರಕ್ಷಣೆಯ ಹೊದಿಕೆ), ಬೆಡ್ ಮೇಲಿನ ಮುಚ್ಚಳ, ಹತ್ತಲು ಪಕ್ಕದ ಮೆಟ್ಟಿಲು, ಮ್ಯಾಟ್, ಇವನ್ನೆಲ್ಲ ಆಮೇಲೆ ಯಾವಾಗ ಬೇಕಾದರೂ ಹಾಕಿಸಬಹುದು, ಎಷ್ಟೋ ಸಲ ಅರ್ಧ ದುಡ್ಡಿಗೆ. ಬೆಡ್ ಲೈನರ್ ಇಲ್ಲ ಅಂತ ಒಳ್ಳೆ ಟ್ರಕ್ ಬಿಟ್ಟು ಬಂದವರನ್ನು ನೋಡಿದ್ದೇನೆ. ಬೆಡ್ ಲೈನರ್ ಇದೆ ಅಂತ ಬೇಡದ ಎಂಜಿನ್ ತಂದವರನ್ನೂ ನೋಡಿದ್ದೇನೆ.

ಹೆಸರುಗಳ ಗೋಜಲು ಬೇರೆ. ರ‍್ಯಾಮ್‌ನಲ್ಲಿ ಕ್ವಾಡ್ ಕ್ಯಾಬ್ ಅಂದರೆ ನಾಲ್ಕು ಬಾಗಿಲು ಇದ್ದರೂ ಹಿಂದೆ ಇಕ್ಕಟ್ಟು, ಕ್ರೂ ಕ್ಯಾಬ್ ದೊಡ್ಡದು. ಟೊಯೋಟಾ ಟಕೋಮಾದಲ್ಲಿ ಡಬಲ್ ಕ್ಯಾಬ್ ಅಂದರೆ ದೊಡ್ಡದು. ಅದೇ ಟೊಯೋಟಾದ ಟಂಡ್ರಾದಲ್ಲಿ ಡಬಲ್ ಕ್ಯಾಬ್ ಅಂದರೆ ಚಿಕ್ಕದು, ದೊಡ್ಡದರ ಹೆಸರು ಕ್ರೂಮ್ಯಾಕ್ಸ್. ಒಂದೇ ಕಂಪನಿ, ಒಂದೇ ಹೆಸರು, ಅರ್ಥ ಮಾತ್ರ ಬೇರೆ! ಶೆವ್ರೊಲೆ ಸಿಲ್ವರಾಡೊದಲ್ಲಿ ನಿಮಗೆ ಬೇಕಾದ ಆರೂವರೆ ಅಡಿಯನ್ನು ಸ್ಟ್ಯಾಂಡರ್ಡ್ ಬೆಡ್ ಅನ್ನುತ್ತಾರೆ, ಲಾಂಗ್ ಬೆಡ್ ಅಂದರೆ ಎಂಟು ಅಡಿ. ಫೋನಿನಲ್ಲಿ ಕೇಳುವಾಗ ಹೆಸರು ಹೇಳಬೇಡಿ, ಅಡಿ ಲೆಕ್ಕ ಹೇಳಿ. ಮಕ್ಕಳ ಕಾರ್ ಸೀಟುಗಳನ್ನೂ ಜೊತೆಗೆ ಒಯ್ದು ಹಿಂದೆ ಕಟ್ಟಿಯೇ ನೋಡಿ. ಸೇಲ್ಸ್‌ಮನ್ ಕಾಯುತ್ತಾನೆ, ಅದು ಅವನ ಕೆಲಸ.

ಬಟ್ಟೆ ಸೀಟು ಬೇಕು, ಸನ್‌ರೂಫ್ ಬೇಡ ಅಂದರೆ ಮಧ್ಯದ ಟ್ರಿಮ್‌ಗಳಲ್ಲಿ, ಅಂದರೆ ಒಂದೇ ಮಾಡೆಲ್ಲಿನ ನಡುವಿನ ದರ್ಜೆಗಳಲ್ಲಿ, ಹುಡುಕಿ: ಎಫ್-150 ಎಕ್ಸ್‌ಎಲ್‌ಟಿ, ಸಿಲ್ವರಾಡೊ ಎಲ್‌ಟಿ, ಟಂಡ್ರಾ ಎಸ್‌ಆರ್5. ರ‍್ಯಾಮ್‌ನಲ್ಲಿ ಬಿಗ್ ಹಾರ್ನ್. ಟೆಕ್ಸಸ್‌ನಲ್ಲಿ ಅದನ್ನೇ ಲೋನ್ ಸ್ಟಾರ್ ಅಂತ ಹೆಸರು ಬದಲಿಸಿ ಮಾರುತ್ತಾರೆ, ಗಾಬರಿಯಾಗಬೇಡಿ.

ಟ್ರೇಲರ್ ಪ್ಯಾಕೇಜ್ ವಿಷಯದಲ್ಲಿ ನಾನು ಏಟು ತಿಂದವನು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ನನ್ನ ಮೊದಲ ಪಿಕಪ್ ತೆಗೆದುಕೊಂಡಾಗ 'ಟೋ ಪ್ಯಾಕೇಜ್ ಇದೆಯಾ' ಅಂತ ಕೇಳಿದೆ. ಸೇಲ್ಸ್‌ಮನ್ ಹಿಂದೆ ಕರೆದುಕೊಂಡು ಹೋಗಿ ಬಂಪರ್ ಕೆಳಗಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ತೋರಿಸಿದ. ಹಿಚ್ ಇದೆ ಅಂದ ಮೇಲೆ ಪ್ಯಾಕೇಜ್ ಇದೆ ಅಂತ ನಾನೂ ತಲೆ ಆಡಿಸಿದೆ. ಆರು ತಿಂಗಳ ಮೇಲೆ ಬಾಡಿಗೆ ಕ್ಯಾಂಪರ್ ತರಲು ಹೋದಾಗ ಬಣ್ಣ ಬಯಲಾಯಿತು. ನನ್ನ ಗಾಡಿಯಲ್ಲಿದ್ದದ್ದು ನಾಲ್ಕು ಪಿನ್ನಿನ ಪ್ಲಗ್, ಬರೀ ದೀಪಕ್ಕೆ. ಕ್ಯಾಂಪರ್‌ಗೆ ಬೇಕಾದ್ದು ಏಳು ಪಿನ್ನಿನದು. ಟ್ರೇಲರ್‌ನ ಬ್ರೇಕನ್ನು ಒಳಗಿನಿಂದ ಹಿಡಿಯುವ ಬ್ರೇಕ್ ಕಂಟ್ರೋಲರ್ ಅಂತೂ ಇರಲೇ ಇಲ್ಲ. ಮಕ್ಕಳು ಟೋಪಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ಖಾಲಿ ಕೈಯಲ್ಲಿ ಮನೆಗೆ ಬಂದೆವು. ಆಮೇಲೆ ವೈರಿಂಗ್ ಎಳೆಸಿ, ಕಂಟ್ರೋಲರ್ ಹಾಕಿಸಿ, 600 ಡಾಲರ್ ಕೈ ಬಿಟ್ಟಿತು.

ಟೆಕ್ಸಸ್‌ನಲ್ಲಿ ಟ್ರೇಲರ್‌ನ ಒಟ್ಟು ತೂಕ 4500 ಪೌಂಡ್ ದಾಟಿದರೆ ಅದಕ್ಕೆ ಬ್ರೇಕ್ ಇರಲೇಬೇಕು. ನಿಮ್ಮದು 5000. ಹಾಗಾಗಿ ಹಿಚ್, ಏಳು ಪಿನ್ ಪ್ಲಗ್, ಬ್ರೇಕ್ ಕಂಟ್ರೋಲರ್, ಮೂರನ್ನೂ ಒಂದೊಂದಾಗಿ ಹೆಸರು ಹಿಡಿದು ಕೇಳಿ. ಸಿಲ್ವರಾಡೊ ಆದರೆ ಕಂಪನಿಯ ಆಪ್ಷನ್ ಕೋಡ್‌ಗಳನ್ನು ಕಲಿತುಕೊಳ್ಳಿ: ಝಡ್82 ಅಂದರೆ ಟ್ರೇಲರ್ ಪ್ಯಾಕೇಜ್, ಜಿ80 ಅಂದರೆ ಕೆಸರಿನಲ್ಲಿ ಒಂದೇ ಚಕ್ರ ಸುಮ್ನೆ ತಿರುಗದಂತೆ ತಡೆಯುವ ಲಾಕಿಂಗ್ ಡಿಫರೆನ್ಷಿಯಲ್. ಕೋಡ್ ಹೇಳಿ ಕೇಳಿದರೆ ಸೇಲ್ಸ್‌ಮನ್ ಸ್ವಲ್ಪ ನೆಟ್ಟಗೆ ಕೂರುತ್ತಾನೆ.

ಎಲ್ಲರೂ ಎಷ್ಟು ಎಳೆಯುತ್ತದೆ ಅಂತ ಕೇಳುತ್ತಾರೆ. ನೀವು ಎಷ್ಟು ಹೊರುತ್ತದೆ ಅಂತ ಕೇಳಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕರ್ ಇರುತ್ತದೆ. ಜನ, ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಇದೇ ಪೇಲೋಡ್, ಅದೂ ಆ ಒಂದು ಟ್ರಕ್ಕಿನದು. ಜಾಹೀರಾತಿನಲ್ಲಿ ಹೇಳುವ ದೊಡ್ಡ ಅಂಕಿ ಬೇರೆ ಯಾವುದೋ ಬರಿಗೈ ಟ್ರಕ್ಕಿನದು. ಸನ್‌ರೂಫ್, ದೊಡ್ಡ ಚಕ್ರ, ಕರೆಂಟಿನ ಮೆಟ್ಟಿಲು, ಒಂದೊಂದು ಸೇರಿದಂತೆ ಹೊರುವ ಶಕ್ತಿ ಇಳಿಯುತ್ತದೆ. ಪಕ್ಕಪಕ್ಕ ನಿಂತ ಒಂದೇ ಮಾಡೆಲ್ಲಿನ ಎರಡು ಟ್ರಕ್‌ಗಳಲ್ಲಿ ಈ ಅಂಕಿ ಬೇರೆ ಬೇರೆ ಇರುತ್ತದೆ.

ನಿಮ್ಮದೇ ಲೆಕ್ಕ ಹಾಕೋಣ. ಇಂಥ ಕ್ಯಾಂಪರ್ ತನ್ನ ತೂಕದ ಶೇಕಡಾ 10ರಿಂದ 15ರಷ್ಟನ್ನು ಹಿಚ್ ಮೇಲೆ ಹಾಕುತ್ತದೆ. 5000ಕ್ಕೆ ಹೆಚ್ಚೆಂದರೆ 750 ಪೌಂಡ್. ನಾಲ್ಕು ಜನ 500 ಅಂತ ಹಿಡಿಯಿರಿ. ಸೈಕಲ್, ನೀರಿನ ಕ್ಯಾನ್, ಕೂಲರ್, ಒಲೆ ಸೇರಿ 200. ಒಟ್ಟು 1450. ಸ್ಟಿಕರ್ 1400 ಅಂದರೆ ಆ ಟ್ರಕ್ ನಿಮ್ಮದಲ್ಲ, ಎಂಜಿನ್ ಎಷ್ಟೇ ಗುಡುಗಲಿ. 1700 ಇದ್ದರೆ ನೆಮ್ಮದಿ. ನೀವು ಸನ್‌ರೂಫ್ ಬೇಡ ಅಂದದ್ದು ಇಲ್ಲಿ ಒಳ್ಳೆಯದೇ ಆಯಿತು.

ಆಕ್ಸಲ್ ರೇಶಿಯೋ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ, ಹೆಚ್ಚಿದ್ದಷ್ಟೂ ಎಳೆಯಲು ಸುಲಭ) 3.31ನೋ 3.55ನೋ ಅಂತಲೂ ಕೇಳಿದ್ದೀರಿ. 5000 ಪೌಂಡಿಗೆ ಅದರ ಮೇಲೆ ನಿದ್ದೆ ಕೆಡಿಸಿಕೊಳ್ಳಬೇಡಿ. 3.55 ಸಿಕ್ಕಿದರೆ ಸಂತೋಷ.

ಇದೆಲ್ಲವನ್ನೂ ನೋಡಲು ಒಳ್ಳೆಯ ದಿನ ಭಾನುವಾರ. ಟೆಕ್ಸಸ್‌ನಲ್ಲಿ ಡೀಲರ್ ಶನಿವಾರ, ಭಾನುವಾರ ಎರಡೂ ದಿನ ಗಾಡಿ ಮಾರುವಂತಿಲ್ಲ, ಒಂದು ದಿನ ಬಾಗಿಲು ಹಾಕಲೇಬೇಕು. ಸಾಮಾನ್ಯವಾಗಿ ಭಾನುವಾರ ಹಾಕುತ್ತಾರೆ. ಲಾಟ್ ತೆರೆದೇ ಇದ್ದರೆ ಆರಾಮಾಗಿ ಓಡಾಡಿ, ಯಾರೂ ಹಿಂದೆ ಬೀಳುವುದಿಲ್ಲ. ಬಾಗಿಲ ಕಂಬದ ಸ್ಟಿಕರ್ ಅಂದು ಸಿಗುವುದಿಲ್ಲ, ಬೀಗ ಹಾಕಿರುತ್ತದೆ. ಆದರೆ ಕಿಟಕಿ ಗಾಜಿನ ದೊಡ್ಡ ಸ್ಟಿಕರ್ ಸಾಕು. ಅದನ್ನು ಇಲ್ಲಿ ಮನ್ರೋನಿ ಅನ್ನುತ್ತಾರೆ. ಮನ್ರೋನಿ ಅನ್ನುವ ಒಕ್ಲಹೋಮಾದ ಸೆನೆಟರ್ ಮುಂದೆ ನಿಂತು 1958ರಲ್ಲಿ ಹೊಸ ಕಾರುಗಳಿಗೆ ತಂದ ಕಾನೂನಿನಿಂದ ಬಂದ ಪದ್ಧತಿ, ಪಿಕಪ್‌ಗಳ ಗಾಜಿನ ಮೇಲೂ ಇರುತ್ತದೆ. ಮೂಲ ಬೆಲೆ, ಒಂದೊಂದು ಆಪ್ಷನ್ನಿನ ಬೆಲೆ, ಕಾರ್ಖಾನೆಯಿಂದ ತಂದ ಸಾಗಣೆ ಖರ್ಚು, ಎಲ್ಲ ಅದರಲ್ಲೇ. ಸೇಲ್ಸ್‌ಮನ್ ಬಾಯಿಮಾತಿಗೂ ಇದಕ್ಕೂ ಜಗಳ ಬಂದರೆ ಇದನ್ನೇ ನಂಬಿ.

ಪಕ್ಕದಲ್ಲಿ ಇನ್ನೊಂದು ಚಿಕ್ಕ ಸ್ಟಿಕರ್ ಅಂಟಿಸಿದ್ದರೆ ಅದು ಡೀಲರ್ ತಾನೇ ಸೇರಿಸಿದ್ದು. ಟೈರಿಗೆ ನೈಟ್ರೋಜನ್, ಗಾಜಿನ ಮೇಲೆ ನಂಬರ್ ಕೆತ್ತನೆ, ಬಣ್ಣಕ್ಕೆ ಲೇಪ, ಹೀಗೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ಅದಕ್ಕೆ ದುಡ್ಡು ಯಾಕೆ? ಬೇಡ ಅನ್ನಿ. ತೆಗೆಯುವುದಿಲ್ಲ ಅಂದರೆ ಎದ್ದು ಬನ್ನಿ.

ನಿಮ್ಮಂಥ ಟ್ರಕ್ ಸಿಗುವುದು ಊರಾಚೆ. ಲಬಕ್, ಅಬಿಲೀನ್, ಅಮರಿಲೊ ಕಡೆ ಕೊಳ್ಳುವವರು ರೈತರು, ದನ ಸಾಕುವವರು. ಉದ್ದ ಬೆಡ್, ಫೋರ್ ವೀಲ್, ಬಟ್ಟೆ ಸೀಟು ಅಲ್ಲಿ ವಿಚಿತ್ರವಲ್ಲ. ನಿಮ್ಮ ಹತ್ತಿರದ ಡೀಲರ್ ಬೇಕಾದರೆ ತನ್ನ ಒಂದು ಟ್ರಕ್ ಕೊಟ್ಟು ಅದನ್ನು ತರಿಸಿಕೊಳ್ಳಬಲ್ಲ, ಡೀಲರ್ ಟ್ರೇಡ್ ಅನ್ನುತ್ತಾರೆ. ಆದರೆ ಹಾಗೆ ತರಿಸಿದ ಗಾಡಿಗೆ ಬೆಲೆ ಇಳಿಸಲು ಮನಸ್ಸು ಬರುವುದಿಲ್ಲ. ನಾನಾದರೆ ನೇರವಾಗಿ ಆ ಊರಿನವನಿಗೇ ಫೋನ್ ಮಾಡುತ್ತೇನೆ.

ಹೊರಡುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ತರಿಸಿಕೊಳ್ಳಿ: ಗಾಜಿನ ಸ್ಟಿಕರಿನ ಫೋಟೋ, ಆ ಒಂದು ಗಾಡಿಗೇ ಮೀಸಲಾದ 17 ಅಕ್ಷರದ ವಿನ್ ನಂಬರ್, ತೆರಿಗೆ-ಶುಲ್ಕ ಎಲ್ಲ ಸೇರಿದ ಔಟ್ ದ ಡೋರ್ ಬೆಲೆ. ಬಾಗಿಲ ಕಂಬದ ಫೋಟೋವನ್ನೂ ಕೇಳಿ, ಒಳ್ಳೆಯವನಾದರೆ ಕಳಿಸುತ್ತಾನೆ. ಇದನ್ನು ಮಾಡದೆ ನಾನೊಮ್ಮೆ ನಾಲ್ಕು ಗಂಟೆ ಗಾಡಿ ಓಡಿಸಿದ್ದೇನೆ. ಹೋಗಿ ನೋಡಿದರೆ 'ಇದೆ' ಅಂದಿದ್ದ ಟ್ರಕ್ ಇನ್ನೂ ರೈಲಿನ ಮೇಲಿತ್ತು! ಅವರ ಕಂಪ್ಯೂಟರಿನಲ್ಲಿ ದಾರಿಯಲ್ಲಿರುವ ಗಾಡಿಯೂ ಇದ್ದಂತೆಯೇ ಕಾಣುತ್ತದೆ. ಅವರು ಕಾಫಿ ಕೊಟ್ಟರು. ಕಾಫಿಯೂ ಚೆನ್ನಾಗಿರಲಿಲ್ಲ.

ಹುಡುಕಿ ಸೋತರೆ ಆರ್ಡರ್ ಮಾಡಿ. ಫೋರ್ಡ್, ಶೆವ್ರೊಲೆ, ರ‍್ಯಾಮ್‌ಗಳಲ್ಲಿ ಡೀಲರ್ ಮೂಲಕ ನಿಮಗೆ ಬೇಕಾದ ಹಾಗೆ ಕಟ್ಟಿಸಬಹುದು. ಕೆಲವು ವಾರವೂ ಆಗಬಹುದು, ಕೆಲವು ತಿಂಗಳೂ ಆಗಬಹುದು. ಮುಂಗಡ ವಾಪಸ್ ಸಿಗುತ್ತದೆ ಅಂತಲೂ, ಬಂದ ಮೇಲೆ ಬೆಲೆ ಏರಿಸುವುದಿಲ್ಲ ಅಂತಲೂ ಬರೆಸಿಕೊಳ್ಳಿ. ಟೊಯೋಟಾದಲ್ಲಿ ಹೀಗೆ ಬಿಡಿಬಿಡಿಯಾಗಿ ಕಟ್ಟಿಸುವುದು ನಡೆಯುವುದಿಲ್ಲ. ಡೀಲರ್ ಪಾಲಿಗೆ ಬರುವ ಗಾಡಿಗಳಲ್ಲಿ ನಿಮಗೆ ಹೊಂದುವುದನ್ನು ಮೊದಲೇ ಹಿಡಿದಿಡಬೇಕು.

ಟೊಯೋಟಾದ ಇನ್ನೊಂದು ಪಿಕಪ್ ಹೈಲಕ್ಸ್ ಯಾಕೆ ಇಲ್ಲಿ ಸಿಗುವುದಿಲ್ಲ ಅಂತ ಕೊನೆಯಲ್ಲಿ ಕೇಳಿದ್ದೀರಲ್ಲ, ಅದರಲ್ಲಿ ಕೋಳಿಯ ಪಾತ್ರವೂ ಇದೆ. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರು ಅನ್ನುವ ಸಿಟ್ಟಿಗೆ ಇವರು 1964ರಲ್ಲಿ ಹೊರಗಿನ ಪಿಕಪ್‌ಗಳ ಮೇಲೆ ಶೇಕಡಾ 25 ಸುಂಕ ಜಡಿದರು. ಕೋಳಿ ಜಗಳ ಮರೆತುಹೋಯಿತು, ಸುಂಕ ಉಳಿಯಿತು. ಹಾಗಾಗಿ ಟೊಯೋಟಾದವರು ಟಂಡ್ರಾವನ್ನು ನಮ್ಮ ಸ್ಯಾನ್ ಆಂಟೋನಿಯೋದಲ್ಲೇ ಕಟ್ಟುತ್ತಾರೆ.

ದುಡ್ಡಿನ ವಿಷಯ ಚಿಕ್ಕದಾಗಿ. ಟೆಕ್ಸಸ್‌ನಲ್ಲಿ ಗಾಡಿ ತೆರಿಗೆ ಶೇಕಡಾ 6.25, ಅಂದರೆ 50,000 ಡಾಲರಿಗೆ 3125. ಹಳೆ ಕಾರನ್ನು ಅವರಿಗೇ ಕೊಟ್ಟರೆ ಅದರ ಬೆಲೆ ಕಳೆದು ಉಳಿದದ್ದಕ್ಕೆ ತೆರಿಗೆ. ನಿಮ್ಮ ಕ್ರೆಡಿಟ್ ಚರಿತ್ರೆ ಎಂಟೇ ತಿಂಗಳಿನದು, ಹಾಗಾಗಿ ಮೊದಲು ಒಂದು ಕ್ರೆಡಿಟ್ ಯೂನಿಯನ್‌ನಲ್ಲಿ (ನಮ್ಮ ಸಹಕಾರಿ ಬ್ಯಾಂಕಿನ ಥರದ್ದು) ಸಾಲದ ಒಪ್ಪಿಗೆ ಪಡೆದು ಹೋಗಿ. ಡೀಲರ್ ಬಡ್ಡಿಯಲ್ಲಿ ತನ್ನ ಪಾಲು ಸೇರಿಸಬಹುದು. ಕೈಯಲ್ಲಿ ಒಂದು ದರ ಇದ್ದರೆ ಹೋಲಿಸಲಿಕ್ಕಾದರೂ ಆಗುತ್ತದೆ. ತಿಂಗಳ ಕಂತು ಎಷ್ಟು ಬೇಕು ಅಂತ ಕೇಳಿದರೆ ಉತ್ತರ ಕೊಡಬೇಡಿ, ಪೂರ್ತಿ ಬೆಲೆ ಮಾತ್ರ ಮಾತಾಡಿ. ಮೂರು ದಿನದೊಳಗೆ ವಾಪಸ್ ಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆ ಬಾಗಿಲಿಗೆ ಬಂದು ಮಾರುವವರಿಗೆ ಇರುವ ಆ ನಿಯಮ ಡೀಲರ್ ಅಂಗಡಿಯಲ್ಲಿ ಕೊಂಡ ಗಾಡಿಗೆ ಇಲ್ಲ. ಸಹಿ ಹಾಕಿದರೆ ಮುಗಿಯಿತು.

ಈ ಭಾನುವಾರ ಎರಡು ಲಾಟ್ ಸುತ್ತಿ, ಹಿಡಿಸಿದ ಟ್ರಕ್‌ಗಳ ಸ್ಟಿಕರ್ ಫೋಟೋ ತೆಗೆದು ನನಗೆ ಕಳಿಸಿ. ಸಂಜೆ ಕೂತು ಒಟ್ಟಿಗೆ ಓದೋಣ. ಸೋಮವಾರ ಬಾಗಿಲು ತೆಗೆಸಿ ಪೇಲೋಡ್ ನೋಡಿಕೊಂಡು ಬನ್ನಿ. ಟೇಪ್ ಮರೆಯಬೇಡಿ.